7.3ರಿಂದ 10.4ಕ್ಕೆ: ನನ್ನ 180 ಕುದುರೆಗಳ ಮೇವಿನ ಲೆಕ್ಕ

ನನ್ನ ಹತ್ತಿರ ಇರುವುದು ಹಳೇ ಸ್ಕೋಡಾ ಆಕ್ಟೇವಿಯಾ, 1.8 ಟಿಎಸ್‌ಐ. ಸೆಕೆಂಡ್ ಹ್ಯಾಂಡ್. ಟರ್ಬೊ ಪೆಟ್ರೋಲ್, 180 ಹಾರ್ಸ್‌ಪವರ್, 7 ಗೇರಿನ ಡಿಎಸ್‌ಜಿ, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಮೊದಲ ತಿಂಗಳು ಪೆಟ್ರೋಲ್ ಖರ್ಚು ನೋಡಿ ನಾನು ಗೊಣಗುತ್ತಿದ್ದರೆ, ಅಪ್ಪ ಪೇಪರ್‌ನಿಂದ ತಲೆ ಎತ್ತದೇ "ಆನೆ ತಂದು ಕಟ್ಟಿದೀಯ, ಈಗ ಮೇವಿನ ಲೆಕ್ಕ ಹಾಕ್ತೀಯಲ್ಲೋ" ಅಂದರು.

ಹಾಕಿಯೇಬಿಟ್ಟೆ. ರಾಜರಾಜೇಶ್ವರಿ ನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಓಡಾಟ, ಲೀಟರ್‌ಗೆ 7.3 ಕಿ.ಮೀ. ಡ್ಯಾಶ್‌ಬೋರ್ಡ್ ಮಾತ್ರ 8.1 ಅಂತ ತೋರಿಸುತ್ತಿತ್ತು. ಅದನ್ನು ನಂಬಿ ಕೂರಬೇಡಿ. ಒಂದೇ ಬಂಕ್, ಒಂದೇ ಪಂಪ್, ನಾಝಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಬೇಕು. ಮುಂದಿನ ಸಲವೂ ಹಾಗೇ. ಓಡಿದ ಕಿ.ಮೀ.ಯನ್ನು ಹಾಕಿಸಿದ ಲೀಟರ್‌ನಿಂದ ಭಾಗಿಸಬೇಕು. "ರೌಂಡ್ ಫಿಗರ್ ಮಾಡ್ಲಾ ಸಾರ್" ಅಂದರೆ ಬೇಡ ಅನ್ನಬೇಕು. ನಾನು ಪ್ರತಿ ಬದಲಾವಣೆಗೂ ಮೂರು ಟ್ಯಾಂಕ್ ಓಡಿಸಿ ಸರಾಸರಿ ತೆಗೆದೆ. ಅದಕ್ಕೇ ಅಂತ ಗ್ಲವ್ ಬಾಕ್ಸ್‌ನಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ.

ಮೊದಲು ಮಾಡಿದ್ದು ದುಡ್ಡು ಸುರಿಯುವ ಕೆಲಸ. ಇಸಿಯು ರೀಮ್ಯಾಪ್, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ ಮಾಡಿಸಿದೆ. ಟಾರ್ಕ್ (ಎಳೆಯುವ ಬಲ) ಜಾಸ್ತಿಯಾಗುತ್ತದೆ, ಕಡಿಮೆ ತುಳಿದರೆ ಸಾಕು, ಮೈಲೇಜ್ ತಾನಾಗಿ ಏರುತ್ತದೆ ಅಂತ ಮಾಡಿದವರು ಹೇಳಿದ್ದರು. ಮೂರು ಟ್ಯಾಂಕ್ ಆದ ಮೇಲೆ 7.2. ಕಡಿಮೆ ತುಳಿಯುವ ಮನುಷ್ಯ ರೀಮ್ಯಾಪ್ ಯಾಕಾದರೂ ಮಾಡಿಸುತ್ತಾನೆ ಹೇಳಿ! ಟರ್ಬೊ ಇಂಜಿನ್ ಅನ್ನು ಪೂರ್ತಿ ತುಳಿದಾಗ ಶಾಖ ತಡೆಯಲು ಅದು ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಚಿಮ್ಮಿಸುತ್ತದೆ. ನಾನು ದಿನಾ ಅದನ್ನೇ ಮಾಡುತ್ತಿದ್ದೆ. ಹಳೇ ಸಾಫ್ಟ್‌ವೇರನ್ನೇ ವಾಪಸ್ ಹಾಕಿಸಿದೆ. ತೊಳೆದು ಮತ್ತೆ ಬಳಸುವ ಕಾಟನ್ ಏರ್ ಫಿಲ್ಟರ್ ಕೂಡ ಹಾಕಿದ್ದೆ. ಸದ್ದು ಚೆನ್ನಾಗಿತ್ತು, ಅಷ್ಟೇ. ಒಳಗೆ ಬಂದ ಗಾಳಿ ಅಳೆದು ಅದಕ್ಕೆ ತಕ್ಕ ಪೆಟ್ರೋಲನ್ನು ಕಂಪ್ಯೂಟರೇ ಹಾಕುವಾಗ, ಫಿಲ್ಟರ್ ಬದಲಿಸಿ ಉಳಿಸುವುದು ಏನನ್ನು?

ನಿಜವಾದ ಕಳ್ಳ ಸಿಕ್ಕಿದ್ದು ಒಂದು ಭಾನುವಾರ. ಕೆಂಗೇರಿಯಿಂದ ತರಕಾರಿ ತಗೊಂಡು ಬಂದು ಗೇಟ್ ತೆಗೆಯಲು ಇಳಿದೆ. ಏನೋ ಸುಟ್ಟ ವಾಸನೆ. ಬಗ್ಗಿ ಒಂದೊಂದೇ ಚಕ್ರ ಮುಟ್ಟಿ ನೋಡಿದೆ. ಮೂರು ಉಗುರುಬೆಚ್ಚಗಿದ್ದವು. ಹಿಂದಿನ ಎಡಚಕ್ರ ಮುಟ್ಟಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡೆ, ಒಲೆ ಮೇಲಿನ ಹೆಂಚಿನ ಹಾಗೆ ಕಾದಿತ್ತು. ಆರಿದ ಮೇಲೆ ಜಾಕ್ ಕೊಟ್ಟು ಕೈಯಲ್ಲಿ ತಿರುಗಿಸಿದರೆ ಕಾಲು ಸುತ್ತಿಗೇ ನಿಂತುಬಿಡುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಎರಡು ತಿಂಗಳು ಗಾಡಿ ತೆಗೆಯದೇ ನಿಲ್ಲಿಸಿದ್ದೆ, ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್ ತುಕ್ಕು ಹಿಡಿದು ಜಾಮ್ ಆಗಿತ್ತು. ಅಂದರೆ ಇಷ್ಟು ದಿನ ಸಣ್ಣಗೆ ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದ್ದೆ! ಮೆಕ್ಯಾನಿಕ್ ಪಿನ್ ಉಜ್ಜಿ, ಹೊಸ ಗ್ರೀಸ್ ಹಚ್ಚಿ, ಪ್ಯಾಡ್ ಬದಲಿಸಿದರು. ರೀಮ್ಯಾಪ್ ಬಿಲ್‌ನ ಮುಂದೆ ಇದು ಕಡಲೆಕಾಯಿ ದುಡ್ಡು. ಮುಂದಿನ ಮೂರು ಟ್ಯಾಂಕ್ 8.2.

ಆಮೇಲೆ ಚಕ್ರಗಳ ಸರದಿ. ಹಿಂದಿನ ಮಾಲೀಕರು ಶೋಕಿಗೆ 18 ಇಂಚಿನ ಅಲಾಯ್ ಹಾಕಿಸಿದ್ದರು, ಕಂಪನಿಯ 16 ಇಂಚಿನವು ಜೊತೆಗೇ ಕೊಟ್ಟಿದ್ದರು. ಎರಡನ್ನೂ ಟೈರ್ ಸಮೇತ ಒಯ್ದು ನಮ್ಮ ಬೀದಿಯ ಗುಜರಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆ. ದೊಡ್ಡದು 23 ಕೆ.ಜಿ., ಚಿಕ್ಕದು 18. ಅಂಗಡಿಯವರು ಕಣ್ಣರಳಿಸಿ, "ಅಲಾಯ್‌ಗೆ ಒಳ್ಳೆ ರೇಟ್ ಐತೆ ಸಾರ್, ಹಾಕ್ಬಿಡ್ಲಾ?" ಅಂದರು. ಒಂದು ಚಕ್ರಕ್ಕೆ 5 ಕೆ.ಜಿ. ಅಂದರೆ ಸುಮ್ನೆ ಹೊರುವ ಭಾರ ಮಾತ್ರ ಅಲ್ಲ. ಪ್ರತಿ ಸಿಗ್ನಲ್‌ನಲ್ಲೂ ಅದನ್ನು ಎಳೆಯಲೂಬೇಕು, ತಿರುಗಿಸಲೂಬೇಕು. 16 ಇಂಚಿಗೆ ವಾಪಸ್ ಬಂದೆ. ಗಾಳಿಯನ್ನು ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ನೋಡಿ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಹಾಕಿಸುತ್ತೇನೆ. ಸಂಜೆ ಬಿಸಿ ಟೈರ್‌ಗೆ ಅಳತೆ ಸರಿ ಮಾಡಿದರೆ ಬೆಳಿಗ್ಗೆ ಎರಡು ಮೂರು ಪಾಯಿಂಟ್ ಕಡಿಮೆ ಇರುತ್ತದೆ. ಇಷ್ಟಕ್ಕೆ 8.8. ಗುಂಡಿ ಇಳಿದರೆ ಬೆನ್ನಿಗೆ ಗೊತ್ತಾಗದು, ಅದು ಬೋನಸ್.

ಉಳಿದದ್ದೆಲ್ಲ ಬಲಗಾಲಿನ ಕೆಲಸ. ಮೈಲೇಜ್ ಬೇಕು ಅಂದರೆ ಆಮೆ ಥರ ಹೋಗಬೇಕು ಅಂತ ನಾನೂ ನಂಬಿದ್ದೆ. ಹಾಗಲ್ಲ. ತೀರಾ ಮೆಲ್ಲಗೆ ಒತ್ತಿ ಥ್ರಾಟಲ್ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಮುಕ್ಕಾಲು ಮುಚ್ಚಿರುವಾಗ ಗಾಳಿ ಎಳೆದುಕೊಳ್ಳಲು ಇಂಜಿನ್ ಒದ್ದಾಡುತ್ತದೆ, ಪೆಟ್ರೋಲ್ ಅದಕ್ಕೇ ಹೋಗುತ್ತದೆ. ಈ ಇಂಜಿನ್‌ಗೆ 1,250 ಆರ್‌ಪಿಎಂನಿಂದಲೇ 250 ನ್ಯೂಟನ್ ಮೀಟರ್ ಟಾರ್ಕ್ ಇದೆ. ಹಾಗಾಗಿ ಎಸ್ (ಸ್ಪೋರ್ಟ್) ಮೋಡ್ ಮರೆತು, ಮಾಮೂಲಿ ಡಿ ಮೋಡ್‌ನಲ್ಲಿ 2,000 ದಾಟದಂತೆ ಹದವಾಗಿ ಒತ್ತಿ, ಬೇಗ 50 ಮುಟ್ಟಿ, ಮೇಲಿನ ಗೇರ್‌ನಲ್ಲಿ ಹಿಡಿದುಕೊಳ್ಳುತ್ತೇನೆ. ದೊಡ್ಡ ಇಂಜಿನ್‌ನ ಲಾಭ ಇರುವುದೇ ಇಲ್ಲಿ.

ಇನ್ನೊಂದು ಅಭ್ಯಾಸ, ದೂರದಲ್ಲೇ ಕಾಲು ತೆಗೆಯುವುದು. ಕಾರಿನ ಕಂಪ್ಯೂಟರ್ ಓದುವ ಒಬಿಡಿ ಡಾಂಗಲ್ ಹಾಕಿ ಮೊಬೈಲ್‌ನಲ್ಲಿ ನೋಡಿದೆ. ಗೇರ್‌ನಲ್ಲಿದ್ದು ಕಾಲು ತೆಗೆದರೆ ಪೆಟ್ರೋಲ್ ಸೊನ್ನೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಆರದಿರಲು ಮತ್ತೆ ಕುಡಿಯಲು ಶುರು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಅಣ್ಣಂದಿರೇ, ಅದು ಕಾರ್ಬ್ಯುರೇಟರ್ ಕಾಲದ ಬುದ್ಧಿ! ರಿಂಗ್ ರೋಡ್‌ನಲ್ಲಿ ಮುಂದೆ ಜಾಗ ಬಿಟ್ಟು ಹೋದರೆ ಆಟೊ ನುಗ್ಗುತ್ತದೆ. ನುಗ್ಗಲಿ. ಒಂದು ದಿನ ಎಣಿಸಿದೆ, ಕತ್ರಿಗುಪ್ಪೆಯಿಂದ ಸಿಲ್ಕ್ ಬೋರ್ಡ್‌ವರೆಗೆ ಹನ್ನೊಂದು ಗಾಡಿ ನುಗ್ಗಿದವು. ಆಫೀಸಿಗೆ ಮೂರು ನಿಮಿಷ ತಡವಾಯಿತು. ನಿಂತಲ್ಲೇ ಎಸಿ ಹಾಕಿಕೊಂಡಿದ್ದರೆ ನನ್ನ ಗಾಡಿ ಗಂಟೆಗೆ 1.1 ಲೀಟರ್ ಕುಡಿಯುತ್ತದೆ. ಸಿಗ್ನಲ್ ಟೈಮರ್ 60 ಸೆಕೆಂಡಿಗಿಂತ ಜಾಸ್ತಿ ತೋರಿಸಿದರೆ ಆಫ್ ಮಾಡುತ್ತೇನೆ. ಇಷ್ಟೆಲ್ಲ ಮಾಡಿ ಮೂರು ಟ್ಯಾಂಕ್: 10.4.

ಆಫೀಸಿಗೆ ನೈಸ್ ಟೋಲ್ ರಸ್ತೆಯಲ್ಲಿ ಹೋದರೆ 13 ದಾಟುತ್ತದೆ. ಆದರೆ ಉಳಿದ ಪೆಟ್ರೋಲ್ ದುಡ್ಡು ಟೋಲ್‌ಗೇ ಸಾಲುವುದಿಲ್ಲ. ಸಮಯ ಬೇಕು ಅನ್ನುವವರು ಹೋಗಲಿ, ಮೈಲೇಜ್ ನೆಪ ಬೇಡ.

ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕ್ಯಾಮರಾ ಬರುವ ಮೊದಲು ನಾನು 130ರಲ್ಲಿ ಹೋಗುತ್ತಿದ್ದೆ, ಒಪ್ಪಿಕೊಳ್ಳುತ್ತೇನೆ. ಆಗ 12 ಬರುತ್ತಿತ್ತು. ಈಗಿನ ಮಿತಿ 100ರಲ್ಲಿ 16.2, ಕ್ರೂಸ್ ಕಂಟ್ರೋಲ್ 90ಕ್ಕೆ ಇಟ್ಟರೆ 17.5. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರ ಫಲ ಇದು. ನೂರಹತ್ತು ಕಿ.ಮೀ.ಗೆ 90ಕ್ಕೂ 100ಕ್ಕೂ ಇರುವ ವ್ಯತ್ಯಾಸ ಏಳು ನಿಮಿಷ. ಬೈಪಾಸ್ ಬಿಟ್ಟಿಳಿದು ಒಂದು ಮದ್ದೂರು ವಡೆ ತಿಂದರೆ ಅದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಮೈಸೂರು 770ರ ಆಸುಪಾಸು. ಹೋಗುವಾಗಿನ ಮೈಲೇಜ್ ಮಾತ್ರ ನೋಡಿ ಬೀಗಬೇಡಿ, ಬರುವಾಗಿನದ್ದನ್ನೂ ಸೇರಿಸಿ.

ಇಷ್ಟಾದ ಮೇಲೆ ಒಂದು ತಿಂಗಳು 10.4 ಇದ್ದದ್ದು 10ಕ್ಕೆ ಇಳಿಯಿತು. ಮತ್ತೆ ಬ್ರೇಕ್ ಅಂದುಕೊಂಡು ನಾಲ್ಕೂ ಚಕ್ರ ಮುಟ್ಟಿದೆ, ಎಲ್ಲ ಒಂದೇ ಸಮ. ಗಾಳಿ ಸರಿ, ಅಲೈನ್‌ಮೆಂಟ್ ಸರಿ. ಉತ್ತರ ಸಿಕ್ಕಿದ್ದು ಬಂಕ್‌ನಲ್ಲಿ, ಪಂಪ್ ಮೇಲೆ ಅಂಟಿಸಿದ್ದ 'ಇ20' ಚೀಟಿಯಲ್ಲಿ, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲ್. ಅದು ಬಿಡುಗಡೆಯಾಗಿದ್ದೂ ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಎಥನಾಲ್‌ನಲ್ಲಿ ಲೀಟರ್‌ಗೆ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಶಕ್ತಿ. ಮೊದಲು 10% ಇತ್ತು, ಈಗ 20%. ಲೆಕ್ಕ ಹಾಕಿದರೆ 3ರಿಂದ 4% ಇಳಿಯಬೇಕು, ಅಷ್ಟೇ ಇಳಿದಿದೆ. ಇದಕ್ಕೆ ಯಾವ ಸ್ಪ್ಯಾನರ್ರೂ ಇಲ್ಲ. ಪುಸ್ತಕದಲ್ಲಿ ಆ ದಿನದ ಕೆಳಗೆ ಗೆರೆ ಎಳೆದು, ಹೊಸ ಪುಟದಲ್ಲಿ ಮತ್ತೆ ಮೊದಲನೇ ಟ್ಯಾಂಕ್ ಅಂತ ಬರೆದುಕೊಂಡೆ.