ಡಾಕರ್‌ನ ಸೈಟಿನಲ್ಲಿ ಕೋಜ್ರಿ ನಡೆಸಿದ್ದು ಹೀಗೆ

ಸೆನೆಗಲ್‌ನ ಡಾಕರ್‌ನಲ್ಲಿ, ಕಟ್ಟಡದ ಸೈಟಿನಲ್ಲಿ ನಾನು ಸೇಫ್ಟಿ ಆಫೀಸರ್ ಆಗಿದ್ದೆ. ಬೆಳಗ್ಗೆ ಕೆಲಸಕ್ಕೆ ಮುಂಚೆ ಹತ್ತು-ಹದಿನೈದು ನಿಮಿಷ ಕೋಜ್ರಿ ನಡೆಸೋದು ನನ್ನ ಜವಾಬ್ದಾರಿ. ಅಂದ್ರೆ ಕೆಲಸಗಾರರನ್ನು ಸೇರಿಸಿ ಸುರಕ್ಷತೆ ಬಗ್ಗೆ ಆಡುವ ಮಾತು. ನಮ್ಮ ಕಡೆ ಸೈಟುಗಳಲ್ಲಿ ಟೂಲ್‌ಬಾಕ್ಸ್ ಟಾಕ್ ಅಂತಾರಲ್ಲ, ಅದೇ.

ಕೋಜ್ರಿ ಅಂದ್ರೆ ಫ್ರೆಂಚ್‌ನಲ್ಲಿ ಆರಾಮಾಗಿ ಆಡುವ ಮಾತು. 1849ರಲ್ಲಿ ಪ್ಯಾರಿಸ್‌ನ ವಿಮರ್ಶಕ ಸೇಂತ್-ಬವ್ ಪತ್ರಿಕೆಯಲ್ಲಿ ಶುರುಮಾಡಿದ ಸೋಮವಾರದ ಸಾಹಿತ್ಯ ಬರಹಗಳಿಗೂ ಇದೇ ಹೆಸರು. ಸ್ವೀಡನ್‌ನಲ್ಲಿ ಅದು ಕೋಸೆರಿ ಆಗಿ, ಪತ್ರಿಕೆಯ ಲಘು ಅಂಕಣವಾಯಿತು. ನಮ್ಮ ಹರಟೆಗೆ ಹತ್ತಿರದ್ದು. ಡಚ್ಚರಿಗೆ ಅದು ಸಣ್ಣ, ಸರಳ ಉಪನ್ಯಾಸ. ಅಲ್ಲೆಲ್ಲ ಮಾತು ಒಬ್ಬರದೇ.

ಡಾಕರ್‌ನಲ್ಲಿ ಹಾಗಲ್ಲ. ಅಲ್ಲಿ 'ಬಾಜೆನು ಗೋಖ್' ಅಂತ ಹೆಂಗಸರಿದ್ದಾರೆ, ಅಂದ್ರೆ ಓಣಿಯ ಸೋದರತ್ತೆಯರು. ಬಸುರಿನ ತಪಾಸಣೆ, ಮಕ್ಕಳ ಲಸಿಕೆ ಬಗ್ಗೆ ಅವರು ನಡೆಸುವ ಕೂಟಕ್ಕೂ ಕೋಜ್ರಿ ಅಂತಲೇ ಹೆಸರು. ಒಂದು ಸಲ ನೋಡಿದೆ. ಅತ್ತೆ ಪ್ರಶ್ನೆ ಕೇಳಿ ಸುಮ್ನೆ ಕೂತರು. ಮಿಕ್ಕವರೇ ಜಾಸ್ತಿ ಮಾತಾಡಿದರು. ನನ್ನ ಸೈಟಿಗೂ ಇದೇ ಬೇಕು ಅನ್ನಿಸಿತು.

ದಿನಕ್ಕೆ ಒಂದೇ ವಿಷಯ ಇಟ್ಟುಕೊಂಡೆ. ಏಣಿ ಅಂದ್ರೆ ಏಣಿ ಅಷ್ಟೇ. ಸಾರ್ವೆ ಪಕ್ಕ ಏಣಿ ಒರಗಿಸಿ, "ಇದು ಸರಿಯಾಗಿ ನಿಂತಿದೆಯಾ?" ಅಂತ ಕೇಳುತ್ತಿದ್ದೆ. ಒಬ್ಬರು ಬುಡ ಹಿಂದಕ್ಕೆಳೆಯಿರಿ ಅನ್ನುತ್ತಿದ್ದರು, ಇನ್ನೊಬ್ಬರು ಬೇಡ ಅನ್ನುತ್ತಿದ್ದರು. ಆ ವಾದವನ್ನು ನಡೆಯಲು ಬಿಡಬೇಕು. 4 ಮೀಟರ್ ಎತ್ತರಕ್ಕೆ ಬುಡ 1 ಮೀಟರ್ ಆಚೆ ಇರಬೇಕು ಅನ್ನೋದು ಲೆಕ್ಕ. ಬರೀ ಲೆಕ್ಕ ಹೇಳಿದರೆ ನೆನಪಿರಲ್ಲ. ಅದಕ್ಕೇ ಅವರಲ್ಲೇ ಒಬ್ಬರನ್ನು ಮುಂದೆ ಕರೆಯುತ್ತಿದ್ದೆ. ಕಾಲ್ಬೆರಳು ಏಣಿಯ ಬುಡಕ್ಕೆ ತಾಗಬೇಕು, ಮೈ ನೆಟ್ಟಗಿರಬೇಕು, ಕೈ ನೇರ ಚಾಚಬೇಕು. ಭುಜದ ಎತ್ತರದ ಮೆಟ್ಟಿಲಿಗೆ ಅಂಗೈ ಮುಟ್ಟಿದರೆ ವಾಲು ಸರಿಯಿದೆ. ಅಳತೆ ಪಟ್ಟಿ ಬೇಕೇ ಇಲ್ಲ.

ನಾನು ಫ್ರೆಂಚ್‌ನಲ್ಲಿ ಹೇಳಿದ್ದನ್ನು ಹಿರಿಯ ಮೇಸ್ತ್ರಿ ಅಲ್ಲಿನವರ ಭಾಷೆ ವೋಲೋಫ್‌ನಲ್ಲಿ ಹೇಳುತ್ತಿದ್ದರು. ನಿಜವಾದ ಮಾತು ಶುರುವಾಗುತ್ತಿದ್ದುದೇ ಆಗ. ಎಲ್ಲಿ ಕಾಲು ಜಾರಿತು, ಯಾವ ಸೇಫ್ಟಿ ಬೆಲ್ಟಿನ ಹೊಲಿಗೆ ಬಿಟ್ಟಿದೆ, ಎಲ್ಲ ಹೊರಗೆ ಬರುತ್ತಿತ್ತು. ನನ್ನ ಮಟ್ಟಿಗೆ ಕೋಜ್ರಿಯ ಬೆಲೆಯೆಲ್ಲ ಈ ಐದು ನಿಮಿಷದಲ್ಲಿದೆ. ಬೆಲ್ಟನ್ನು ಅಲ್ಲೇ ತರಿಸಿ, ಎಲ್ಲರೆದುರು ಪಕ್ಕಕ್ಕಿಡುತ್ತಿದ್ದೆ. ಹೇಳಿದ್ದಕ್ಕೆ ಕೆಲಸ ಆಯಿತು ಅಂತ ಕಂಡರೆ ತಾನೇ ನಾಳೆಯೂ ಹೇಳೋದು?

ಸಹಿ ಹಾಳೆ ಕೊನೆಗೆ. ಮೊದಲೇ ತೋರಿಸಿದರೆ ಎಲ್ಲರಿಗೂ ಹೊರಡುವ ಅವಸರ. ಹಾಳೆ ಸುತ್ತುವಾಗಲೇ ನಾಳೆಯ ವಿಷಯವನ್ನು ಅವರಿಂದಲೇ ಕೇಳಿ ಬರೆದುಕೊಳ್ಳುತ್ತಿದ್ದೆ.