ಜರ್ಮನಿಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಸಂಬಳ, ಬಾಣಂತನ, ಕೀಟಾ, ಶಾಲೆ

ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಹೊಸಬರು ಸೇರುತ್ತಲೇ ಇರುತ್ತಾರೆ. ಮೊದಲ ಪ್ರಶ್ನೆ, ಸೋನಾ ಮಸೂರಿ ಎಲ್ಲಿ ಸಿಗುತ್ತೆ? ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಚಿಂತೆ ಬೇಡ. ಎರಡನೆಯ ಪ್ರಶ್ನೆ ಮಾತ್ರ ಯಾವಾಗಲೂ ತಡವಾಗಿ ಬರುತ್ತದೆ: "ಮಗು ಹುಟ್ಟಿ ಆರು ತಿಂಗಳಾಯ್ತು, ಎಲ್ಟರ್ನ್‌ಗೆಲ್ಡ್‌ಗೆ ಈಗ ಅರ್ಜಿ ಹಾಕಬಹುದಾ?" ಹಾಕಬಹುದು. ಆದರೆ ಮಗುವಿಗಾಗಿ ಮನೆಯಲ್ಲಿರುವವರಿಗೆ ಸರ್ಕಾರ ಕೊಡುವ ಈ ದುಡ್ಡು ಹಿಂದಿನ ಮೂರು ತಿಂಗಳದ್ದಷ್ಟೇ ಸಿಗುತ್ತದೆ. ಅದಕ್ಕೂ ಹಿಂದಿನದು ಹೋಯಿತು ಅಂತಲೇ ಲೆಕ್ಕ.

ಇಲ್ಲಿ ಸರ್ಕಾರ ಕುಟುಂಬಕ್ಕೆ ಕೊಡುವುದು ಕಡಿಮೆಯೇನಲ್ಲ. ಆದರೆ ಕೇಳಿದವರಿಗೆ ಕೊಡುತ್ತದೆ, ಅದೂ ಹೊತ್ತಿಗೆ ಸರಿಯಾಗಿ ಕೇಳಿದವರಿಗೆ.

ಮೊದಲು ಹೆಂಡತಿಯ ಕೆಲಸದ ಮಾತು. ಅಮೆರಿಕದಲ್ಲಿರುವ ನೆಂಟರ ಕಥೆ ಕೇಳಿ ಬಂದವರು "ನಾನು ಡಿಪೆಂಡೆಂಟ್ ವೀಸಾ, ಕೆಲಸ ಮಾಡೋ ಹಾಗಿಲ್ಲ" ಅಂದುಕೊಂಡಿರುತ್ತಾರೆ. ಜರ್ಮನಿಯಲ್ಲಿ ಹಾಗಿಲ್ಲ. ಬ್ಲೂ ಕಾರ್ಡ್ (ಓದಿದ ಕೆಲಸಗಾರರಿಗೆ ಕೊಡುವ ಪರ್ಮಿಟ್) ಇರುವವರ ಗಂಡ ಅಥವಾ ಹೆಂಡತಿ ಬಂದ ಕೂಡಲೇ ಯಾವ ಕೆಲಸಕ್ಕಾದರೂ ಸೇರಬಹುದು. ಜರ್ಮನ್ ಬರದಿದ್ದರೂ ವೀಸಾ ಕೊಡುತ್ತಾರೆ. ಕೆಲಸ ಸಿಗಬೇಕಾದರೆ ಮಾತ್ರ ಭಾಷೆ ಬೇಕೇ ಬೇಕು, ಅದು ಬೇರೆ ವಿಷಯ.

ಕೆಲಸ ಸಿಕ್ಕ ಮೇಲೆ ಟ್ಯಾಕ್ಸ್ ಕ್ಲಾಸ್, ಅಂದರೆ ತಿಂಗಳ ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕೆಂದು ಹೇಳುವ ನಂಬರ್, ಗಮನಿಸಿ. ಮದುವೆಯಾದವರಿಗೆ ತಾನಾಗಿ ಸಿಗುವುದು 4 ಮತ್ತು 4. ಆದರೆ ಆಫೀಸಿನಲ್ಲಿ ಯಾರೋ ಹೇಳುತ್ತಾರೆ: ಗಂಡನ ಸಂಬಳ ಜಾಸ್ತಿ, ಅವನು 3 ತಗೊಳ್ಳಲಿ, ಹೆಂಡತಿ 5 ತಗೊಳ್ಳಲಿ. ಆಗ ಗಂಡನ ಕೈಗೆ ತಿಂಗಳಿಗೆ ಜಾಸ್ತಿ ಬರುತ್ತದೆ, ಹೆಂಡತಿಯದು ಸಣ್ಣದಾಗುತ್ತದೆ. ವರ್ಷದ ಕೊನೆಗೆ ಇಬ್ಬರೂ ಸೇರಿ ರಿಟರ್ನ್ ಹಾಕಿದರೆ ಒಟ್ಟು ತೆರಿಗೆ ಎರಡು ರೀತಿಯಲ್ಲೂ ಒಂದೇ. ಗಂಡ-ಹೆಂಡತಿಯ ಆದಾಯ ಕೂಡಿಸಿ ಅರ್ಧ ಮಾಡಿ ತೆರಿಗೆ ಹಾಕುವ ಈ ಪದ್ಧತಿ 1958ರಿಂದ ಇದೆ. ಒಬ್ಬರು ದುಡಿದು ಇನ್ನೊಬ್ಬರು ಮನೆಯಲ್ಲಿದ್ದರೆ ಇದರಿಂದ ಲಾಭ ಜಾಸ್ತಿ. "ನೀನು ಕೆಲಸಕ್ಕೆ ಹೋದರೂ ಕೈಗೆ ಏನು ಬರುತ್ತೆ ಬಿಡು" ಎಂಬ ಮಾತು ಎಷ್ಟೋ ಮನೆಗಳಲ್ಲಿ ಹುಟ್ಟುವುದು ಈ 5ನೇ ಕ್ಲಾಸಿನಿಂದಲೇ.

ನಷ್ಟ ಕಾಣುವುದು ಮಗು ಬಂದಾಗ. ಮಗುವಿಗಾಗಿ ಮನೆಯಲ್ಲಿರುವ ಅಪ್ಪ ಅಥವಾ ಅಮ್ಮನಿಗೆ ಸಿಗುವ ಎಲ್ಟರ್ನ್‌ಗೆಲ್ಡ್, ಹಿಂದಿನ 12 ತಿಂಗಳಲ್ಲಿ ಕೈಗೆ ಬಂದ ಸಂಬಳದ ಸುಮಾರು 65 ಪರ್ಸೆಂಟ್. ಕನಿಷ್ಠ 300 ಯೂರೋ, ಗರಿಷ್ಠ 1,800. ಸುಮ್ನೆ ಲೆಕ್ಕಕ್ಕೆ ನೋಡಿ. 5ರಲ್ಲಿ ಕೈಗೆ 1,600 ಬರುತ್ತಿದ್ದರೆ ಸಿಗುವುದು 1,040. ಅದೇ ಸಂಬಳಕ್ಕೆ 3ರಲ್ಲಿ 2,200 ಬಂದರೆ 1,430. ಹತ್ತು ತಿಂಗಳಿಗೆ 3,900 ಯೂರೋ ವ್ಯತ್ಯಾಸ! ಆ 12 ತಿಂಗಳಲ್ಲಿ ಜಾಸ್ತಿ ತಿಂಗಳು ಯಾವ ಕ್ಲಾಸ್ ಇತ್ತೋ ಅದನ್ನೇ ಹಿಡಿಯುತ್ತಾರೆ. ಅಂದರೆ ಹೆರಿಗೆ ರಜೆಗೆ ಏಳು ತಿಂಗಳು ಮೊದಲೇ ಬದಲಾಯಿಸಿರಬೇಕು. ಸಿಹಿ ಸುದ್ದಿ ಊರಿಗೆ ತಿಳಿಸುವ ಮೊದಲೇ ಟ್ಯಾಕ್ಸ್ ಆಫೀಸಿಗೆ ತಿಳಿಸಿ ಎಂದು ನಾವು ತಮಾಷೆ ಮಾಡುತ್ತೇವೆ. ತಮಾಷೆ ಅಷ್ಟೇನೂ ಅಲ್ಲ.

ಬೆಂಗಳೂರಿನಲ್ಲಿ ದುಡಿದ ಸಂಬಳ ಈ ಲೆಕ್ಕಕ್ಕೆ ಬರುವುದಿಲ್ಲ. ಈಗಷ್ಟೇ ಬಂದವರಿಗೆ 300 ಯೂರೋ.

ಅಪ್ಪಂದಿರಿಗೂ ಒಂದು ಮಾತು. ಇಬ್ಬರೂ ಕನಿಷ್ಠ ಎರಡೆರಡು ತಿಂಗಳು ತೆಗೆದುಕೊಂಡರೆ 12 ತಿಂಗಳ ದುಡ್ಡು 14 ತಿಂಗಳಿಗೆ ಏರುತ್ತದೆ. ನೀವು ತೆಗೆದುಕೊಳ್ಳದಿದ್ದರೆ ಆ ಎರಡು ತಿಂಗಳು ಹೆಂಡತಿಗೆ ಸೇರುವುದಿಲ್ಲ, ಹಾಗೇ ಹೋಗುತ್ತದೆ. ಭಾರತದಲ್ಲಿ 2017ರಿಂದ ತಾಯಿಗೆ 26 ವಾರ ಸಂಬಳದ ರಜೆ ಇದೆ, ಖಾಸಗಿ ಕಂಪನಿಯ ಅಪ್ಪನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಅದಕ್ಕೇ ನಮ್ಮವರಿಗೆ ಕೇಳಲು ಸಂಕೋಚ. ಇಲ್ಲಿ ಆಫೀಸಿಗೆ ಏಳು ವಾರ ಮೊದಲು ತಿಳಿಸಿದರೆ ಸಾಕು. ಈ ರಜೆ ಹಕ್ಕು, ಯಾರ ಉಪಕಾರವೂ ಅಲ್ಲ.

ಬಾಣಂತನ

ಹೆರಿಗೆಗೆ ಆರು ವಾರ ಮೊದಲು, ಎಂಟು ವಾರ ಆಮೇಲೆ ತಾಯಿಗೆ ರಜೆ. ನಂತರದ ಎಂಟು ವಾರ ಆಕೆಯೇ ಬರುತ್ತೇನೆ ಅಂದರೂ ಕೆಲಸ ಮಾಡಿಸುವಂತಿಲ್ಲ. ನಮ್ಮ ಅಜ್ಜಿಯಂದಿರು ಒಪ್ಪುವ ಕಾಯ್ದೆ, ಅಲ್ವಾ?

ಅಜ್ಜಿಯನ್ನು ಕರೆಸುವುದೇ ಕಷ್ಟ. ಭೇಟಿಗೆ ಬರುವವರಿಗೆ ಕೊಡುವ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ನನ್ನ ಹೆಂಡತಿಯ ಹೆರಿಗೆಗೆ ಅತ್ತೆ ಎರಡು ತಿಂಗಳು ಮೊದಲೇ ಬಂದುಬಿಟ್ಟರು. ಮಗುವಿಗೆ ಎಣ್ಣೆ ನೀರು ಹಾಕಿ ಇನ್ನೂ ಕೈ ಕುದುರಿರಲಿಲ್ಲ, ವಿಮಾನ ಹತ್ತಬೇಕಾಯಿತು. ಈಗ ನಾವು ಎಲ್ಲರಿಗೂ ಹೇಳುವುದು: ಒಬ್ಬರು ಹೆರಿಗೆಯ ಹೊತ್ತಿಗೆ ಬರಲಿ, ಅವರ 90 ದಿನ ಮುಗಿದ ಮೇಲೆ ಇನ್ನೊಬ್ಬರು ಬರಲಿ. ಬೀಗಿತ್ತಿಯರಿಬ್ಬರೂ ಒಂದೇ ಅಡುಗೆಮನೆಯಲ್ಲಿ ಇರಬೇಕಾಗಿಲ್ಲ ಎಂಬುದು ಇನ್ನೊಂದು ಅನುಕೂಲ.

ಜೊತೆಗೆ ಹೆಬಾಮೆ ಇದ್ದಾಳೆ. ನಮ್ಮ ಸೂಲಗಿತ್ತಿಯ ಹಾಗೆ, ಆದರೆ ತರಬೇತಿ, ಲೈಸೆನ್ಸ್ ಎಲ್ಲ ಇರುವವಳು. ಹೆರಿಗೆಯಾದ ಮೊದಲ ಹತ್ತು ದಿನ ದಿನವೂ ಮನೆಗೆ ಬರಬಹುದು, ಆಮೇಲೂ 12 ವಾರದವರೆಗೆ ಬರುತ್ತಾಳೆ. ಖರ್ಚು ಸರ್ಕಾರಿ ವಿಮೆಯದು. ಹುಡುಕುವುದೇ ಕಷ್ಟ. ಬಸಿರಿಗೆ ಮೂರು ತಿಂಗಳು ತುಂಬುವ ಮೊದಲೇ ಫೋನ್ ಮಾಡಲು ಶುರುಮಾಡಿ. ಮಗುವಿನ ಸ್ನಾನದ ಬಗ್ಗೆ ಅಜ್ಜಿಗೂ ಅವಳಿಗೂ ಜಗಳ ಬಂದರೆ ನೀವು ಹೊರಗೆ ಹೋಗಿ ತರಕಾರಿ ತನ್ನಿ.

ಮಗು ಹುಟ್ಟಿದ ಮೇಲಿನ ಕಾಗದಗಳು

ನಮ್ಮ ಇನಿಷಿಯಲ್ ಪದ್ಧತಿ ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಗಂಡನ ಸರ್‌ನೇಮ್ ಅವನ ಅಪ್ಪನ ಹೆಸರು, ಹೆಂಡತಿಯದು ಅವಳ ಅಪ್ಪನ ಹೆಸರು, ಮಗುವಿಗೆ ಯಾವುದು? ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಆಗುವುದಾದರೆ ಊರಿನಲ್ಲೇ ಸರಿಮಾಡಿಸಿಕೊಂಡು ಬನ್ನಿ. ಕರ್ನಾಟಕದ ಇ-ಜನ್ಮ ಪೋರ್ಟಲ್ಲಿನಿಂದ ನಿಮ್ಮಿಬ್ಬರ ಜನನ ಪ್ರಮಾಣಪತ್ರದ ಇಂಗ್ಲಿಷ್ ಪ್ರತಿ, ಮದುವೆ ಸರ್ಟಿಫಿಕೇಟ್ ಜೊತೆಯಲ್ಲಿರಲಿ. ಕಾಗದ ಅಸಲಿ ಎಂದು ಹೊರದೇಶಕ್ಕೆ ತೋರಿಸಲು ಹಾಕಿಸುವ ಭಾರತದ ಅಪೊಸ್ಟಿಲ್ ಮುದ್ರೆಯನ್ನು ಜರ್ಮನಿ ಒಪ್ಪುವುದಿಲ್ಲ. ಅನುಮಾನ ಬಂದರೆ ಕಾಗದವನ್ನು ಭಾರತದಲ್ಲಿ ಪರಿಶೀಲಿಸಲು ಕಳಿಸುತ್ತಾರೆ, ತಿಂಗಳುಗಟ್ಟಲೆ ಹಿಡಿಯುತ್ತದೆ.

ಮಗುವಿನ ರೆಸಿಡೆನ್ಸ್ ಪರ್ಮಿಟ್‌ಗೆ ಆರು ತಿಂಗಳೊಳಗೆ ಅರ್ಜಿ. ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಒಂದು ವರ್ಷದೊಳಗೆ. ಮಗುವಿನ ಖರ್ಚಿಗೆಂದು ಸರ್ಕಾರದಿಂದ ತಿಂಗಳಿಗೆ 259 ಯೂರೋ ಬರುವ ಕಿಂಡರ್‌ಗೆಲ್ಡ್ (2026ರ ದರ) ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತದೆ.

ಕೀಟಾ ಮತ್ತು ಶಾಲೆ

ಕೀಟಾ ಅಂದರೆ ಡೇ ಕೇರ್. "ಮಗೂನ ಕೀಟಕ್ಕೆ ಬಿಟ್ಟು ಬಂದೆ" ಅಂತ ಫೋನಿನಲ್ಲಿ ಹೇಳಿದರೆ ಊರಿನವರು ಗಾಬರಿಯಾಗುತ್ತಾರೆ, ಬಿಡಿಸಿ ಹೇಳಿ. 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಜಾಗದ ಹಕ್ಕಿದೆ. ಹಕ್ಕಿದೆ, ಜಾಗ ಇಲ್ಲ. ಮಗು ಹುಟ್ಟಿದ ಕೂಡಲೇ ಹೆಸರು ಬರೆಸಿ. ದಡಾರ ಲಸಿಕೆಯ ದಾಖಲೆ 2020ರ ಮಾರ್ಚ್‌ನಿಂದ ಕಡ್ಡಾಯ. ಲಸಿಕೆಗಳನ್ನು ಬರೆದಿರುವ "ತಾಯಿ ಕಾರ್ಡ್" ಅನ್ನು ಊರಿನ ಬೀರುವಿನಲ್ಲಿ ಬಿಟ್ಟು ಬರಬೇಡಿ.

ಮಗುವಿಗೆ ಒಂದೇಟು ಹಾಕುವುದೂ ಇಲ್ಲಿ ಕಾನೂನಿಗೆ ವಿರುದ್ಧ, 2000ದಿಂದ. ಇದರಲ್ಲಿ ವಾದವಿಲ್ಲ.

ಆರು ವರ್ಷಕ್ಕೆ ಶಾಲೆ ಕಡ್ಡಾಯ. ಮನೆಯಲ್ಲೇ ಪಾಠ ಹೇಳಿಕೊಡುತ್ತೇವೆ ಅಂದರೆ ಒಪ್ಪುವುದಿಲ್ಲ. ಊರಿನಲ್ಲಿ ತಮ್ಮನ ಮದುವೆ ಇದೆ ಅಂತ ಎರಡು ವಾರ ಸುಮ್ಮನೆ ಕರೆದುಕೊಂಡು ಹೋಗುವಂತಿಲ್ಲ. 2018ರಲ್ಲಿ ಬವೇರಿಯಾದ ಮೆಮ್ಮಿಂಗನ್ ವಿಮಾನ ನಿಲ್ದಾಣದಲ್ಲಿ, ರಜೆ ಶುರುವಾಗುವ ಮೊದಲೇ ಮಕ್ಕಳೊಂದಿಗೆ ಹೊರಟ ಕುಟುಂಬಗಳನ್ನು ಪೊಲೀಸರೇ ಹಿಡಿದರು. ದಂಡವೂ ಬೀಳುತ್ತದೆ. ಟಿಕೆಟ್ ತೆಗೆಯುವ ಮೊದಲು ಹೆಡ್‌ಮಾಸ್ಟರಿಗೆ ಪತ್ರ ಬರೆದು, ಲಗ್ನಪತ್ರಿಕೆಯ ಜರ್ಮನ್ ಅನುವಾದ ಲಗತ್ತಿಸಿ. ಸ್ವಂತ ತಮ್ಮನ ಮದುವೆಗೆ ಒಂದೆರಡು ದಿನ ಬಿಡುತ್ತಾರೆ. ದೊಡ್ಡಪ್ಪನ ಮಗನ ಗೃಹಪ್ರವೇಶಕ್ಕೆ ನಾವು ಕಂಡಂತೆ ಯಾರಿಗೂ ಬಿಟ್ಟಿಲ್ಲ.

ಹಾಗೇ ಇನ್ನೊಂದು. ಭಾನುವಾರ ಸದ್ದು ಮಾಡುವಂತಿಲ್ಲ, ಮಿಕ್ಸಿಗೂ ಪಕ್ಕದವರು ಬಾಗಿಲು ತಟ್ಟುತ್ತಾರೆ. ದೋಸೆ ಹಿಟ್ಟು ಶನಿವಾರವೇ, ರಾತ್ರಿ ಹತ್ತರೊಳಗೆ ರುಬ್ಬಿಕೊಳ್ಳಿ.