ತೋಟದ ಮದ್ದು ಹಳ್ಳಕ್ಕೆ ಇಳಿಯಿತೇ? ಕಲ್ಲು ಎತ್ತಿ ನೋಡಿ

ಶಿರಸಿ ಸೀಮೆಯಲ್ಲಿ ಮಳೆಗಾಲ ಬಂತೆಂದರೆ ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯುವ ಗಡಿಬಿಡಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಅದರಲ್ಲಿ ಒಂದಿಷ್ಟು ಮಳೆಗೆ ತೊಳೆದು ಬಸಿಗಾಲುವೆ ಸೇರುತ್ತದೆ, ಅಲ್ಲಿಂದ ಹಳ್ಳಕ್ಕೆ. ತಾಮ್ರದ ಅಂಶ ಜಾಸ್ತಿಯಾದರೆ ನೀರಿನ ಹುಳ, ಬಸವನಹುಳುಗಳೂ ಸಾಯುತ್ತವೆ.

ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಕಳಿಸಿದರೆ ಆ ಹೊತ್ತಿನ ಲೆಕ್ಕ ಮಾತ್ರ ಸಿಗುತ್ತದೆ. ನಿನ್ನೆ ಹರಿದು ಹೋದದ್ದು ಹೋಯಿತು. ಕಲ್ಲಿನಡಿಯ ಹುಳಗಳು ಹಾಗಲ್ಲ, ಎಷ್ಟೋ ವಾರ ಅಲ್ಲೇ ಬದುಕುತ್ತವೆ. ಅವನ್ನೇ ಎಣಿಸೋಣ.

ಮೊದಲು ಎರಡು ಜಾಗ ಆರಿಸಿ: ತೋಟದ ನೀರು ಸೇರುವುದಕ್ಕಿಂತ ಮೇಲೆ ಒಂದು, ಕೆಳಗೆ ಒಂದು. ಎರಡೂ ಕಡೆ ಕಲ್ಲು, ನೆರಳು, ನೀರಿನ ರಭಸ ಹೆಚ್ಚುಕಡಿಮೆ ಒಂದೇ ಥರ ಇರಬೇಕು. ಇದು ತಪ್ಪಿದರೆ ಉಳಿದದ್ದೆಲ್ಲ ಸುಮ್ನೆ. ಎರಡನ್ನೂ ಒಂದೇ ದಿನ ನೋಡಿ. ಜೋರು ಮಳೆಯೂ ಹುಳಗಳನ್ನು ಕೊಚ್ಚಿಕೊಂಡು ಹೋಗುತ್ತದೆ, ಹಾಗಾಗಿ ಜೂನ್ ಲೆಕ್ಕವನ್ನು ಸೆಪ್ಟೆಂಬರ್ ಲೆಕ್ಕದ ಪಕ್ಕ ಇಟ್ಟರೆ ಮದ್ದಿನ ಪಾಲೆಷ್ಟು, ಮಳೆಯ ಪಾಲೆಷ್ಟು ತಿಳಿಯದು. ಹಳ್ಳ ಕೆಂಪಾಗಿ ಹರಿಯುವಾಗಂತೂ ಇಳಿಯಲೇಬೇಡಿ.

ಸೊಳ್ಳೆಪರದೆಯ ಬಟ್ಟೆಯನ್ನು ಎರಡು ಕೋಲಿಗೆ ಕಟ್ಟಿ ನೀರಿಗೆ ಅಡ್ಡ ಹಿಡಿಯಿರಿ. ಇನ್ನೊಬ್ಬರು ಅದರ ಮುಂದೆ, ನೀರು ಬರುವ ಕಡೆ ನಿಂತು ಒಂದು ನಿಮಿಷ ಕಾಲಿನಿಂದ ಕಲ್ಲು ಕದಡಲಿ. ಸಿಕ್ಕಿದ್ದನ್ನು ನೀರು ಹಾಕಿದ ಬಿಳಿ ಟ್ರೇಗೆ ಸುರಿಯಿರಿ. ಎಣಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ವಾಪಸ್ ಬಿಡಿ.

ಹೊಟ್ಟೆಯ ಪಕ್ಕ ಕಿವಿರು, ಸಾಮಾನ್ಯವಾಗಿ ಮೂರು ಬಾಲ ಇದ್ದರೆ ಮೇಫ್ಲೈ ಎಂಬ ಹಾರುವ ಕೀಟದ ಮರಿ. ಎರಡೇ ಬಾಲ, ಕಾಲಿನ ತುದಿಯಲ್ಲಿ ಎರಡೆರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಮರಳು, ಎಲೆಚೂರು ಅಂಟಿಸಿಕೊಂಡು ಗೂಡು ಕಟ್ಟುವುದು ಕ್ಯಾಡಿಸ್‌ಫ್ಲೈ. ಈ ಮೂರೂ ಕೊಳಕು ನೀರಿಗೆ ಬೇಗ ಸೋಲುವಂಥವು. ಕೆಳಗಿನ ಜಾಗದಲ್ಲಿ ಇವು ಮಾಯವಾಗಿ ಕೆಂಪು ಹುಳ, ಜಿಗಣೆಗಳೇ ತುಂಬಿದ್ದರೆ ಸಗಣಿ ನೀರೋ ಇನ್ನೇನೋ ಕೊಳೆತು ಆಮ್ಲಜನಕ ಕಡಿಮೆಯಾಗಿರಬಹುದು. ಕಲ್ಲಿನ ಮೇಲೆ ಹಸಿರು ಪಾಚಿ ದಪ್ಪಗಿದ್ದರೆ ಗೊಬ್ಬರದ ಮೇಲೆ ಅನುಮಾನ ಪಡಿ. ನೀರು ತಿಳಿಯಾಗಿದ್ದೂ ಟ್ರೇ ಖಾಲಿಯೇ? ಆಗ ವಿಷದ ಶಂಕೆ. ತಾಮ್ರವೇ ಹೌದಾ ಅಂತ ಹೇಳಲು ಮಾತ್ರ ಲ್ಯಾಬೇ ಬೇಕು. ಮದ್ದು ಹೊಡೆದ ಮೇಲಿನ ಮೊದಲ ಮಳೆಯ ನೀರನ್ನೇ ಹಿಡಿದು ಕೊಡಿ.

ಪುಸ್ತಕದಲ್ಲಿ ತಾರೀಕು, ಮದ್ದು ಹೊಡೆದ ದಿನ, ಡ್ರಮ್ ತೊಳೆದ ಜಾಗ ಬರೆದಿಡಿ. ತಪ್ಪು ತೋಟದ್ದಲ್ಲ, ಹಳ್ಳದಲ್ಲೇ ತೊಳೆದ ಡ್ರಮ್ಮಿನದೂ ಇರಬಹುದು.